ನಡು ಬಿಟ್ಟ ತಂತಿ



ಹವ್ಯಾಸಿ ರೇಡಿಯೊ, ಬಳಕೆಯ ಮಾತಿನಲ್ಲಿ ಹ್ಯಾಮ್ ರೇಡಿಯೊ, ಕಲಿಯಲು ಹೊರಟವರಿಗೆ ಸಿಗುವ ಮೊದಲ ಆಂಟೆನಾ ಪಾಠ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬಳಸಬೇಕಾದ ತರಂಗಾಂತರದ ಅರ್ಧದಷ್ಟು ತಾಮ್ರದ ತಂತಿ ತೆಗೆದುಕೊಳ್ಳಿ, ಸರಿಯಾಗಿ ನಡುವೆ ಕತ್ತರಿಸಿ, ಎರಡು ತುಂಡುಗಳಿಗೆ ಕೇಬಲ್ಲಿನ ಒಳತಂತಿಯನ್ನೂ ಹೊರಜಾಲರಿಯನ್ನೂ ಬೆಸೆಯಿರಿ, ಎರಡೂ ತುದಿಗಳನ್ನು ಎತ್ತರಕ್ಕೆ ಕಟ್ಟಿರಿ. ಇದೇ ಡೈಪೋಲ್. 7 ಮೆಗಾಹರ್ಟ್ಸ್‌ನ, ಅಂದರೆ 40 ಮೀಟರ್ ಬ್ಯಾಂಡಿನ ಡೈಪೋಲಿಗೆ ಸುಮಾರು 20 ಮೀಟರ್ ತಂತಿ ಬೇಕು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರುಗಳಲ್ಲಿ ಬರುತ್ತದೆ. ಪಾಠ ಸರಿಯಾಗಿದೆ, ಸಾವಿರಾರು ಜನ ಇದರಿಂದಲೇ ಮೊದಲ ಮಾತು ಆಡಿದ್ದಾರೆ. ಆದರೆ ಅದರಲ್ಲಿರುವ ‘ಸರಿಯಾಗಿ ನಡುವೆ’ ಎಂಬ ಮಾತು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಇಂದಿನ ಉಪನ್ಯಾಸದಲ್ಲಿ ನಾನು ಮುಂದಿಡುವ ವಾದ ಇಷ್ಟೇ: ತಂತಿ ಯಾವ ಕಂಪನಾಂಕಕ್ಕೆ ಸ್ಪಂದಿಸಬೇಕೆಂದು ತೀರ್ಮಾನಿಸುವುದು ಅದರ ಪೂರ್ತಿ ಉದ್ದ. ಕೇಬಲ್ ಎಲ್ಲಿ ಸೇರಬೇಕು ಎಂಬುದನ್ನು ನಾವು ಆರಿಸಿಕೊಳ್ಳಬಹುದು. ಹಾಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದಾಗ, ನಮ್ಮ ಕಡೆಯ ಊರುಗಳಲ್ಲಿ ಒಂದೇ ತಂತಿಯಿಂದ ಹಲವು ಬ್ಯಾಂಡುಗಳಲ್ಲಿ ಮಾತನಾಡಬೇಕಾದವರು ನಡುವನ್ನು ಬಿಟ್ಟು ಮೂರನೇ ಒಂದು ಭಾಗದಲ್ಲಿ ಕೇಬಲ್ ಸೇರಿಸುವುದೇ ಮೇಲು.

ತತ್ವಪದ ಹಾಡುವವರ ಕೈಯ ಏಕತಾರಿಯನ್ನು ನೆನಪಿಸಿಕೊಳ್ಳಿ. ಅದರ ಒಂದೇ ತಂತಿಯನ್ನು ಮೀಟಿದಾಗ ಕೇಳುವುದು ಒಂದೇ ಸ್ವರವೆಂದು ಅನ್ನಿಸಿದರೂ ಅದರೊಳಗೆ ಮೂಲ ಸ್ವರದ ಜೊತೆ ಅದರ ಎರಡು ಮಡಿ, ಮೂರು ಮಡಿ, ನಾಲ್ಕು ಮಡಿ ಕಂಪನಗಳೂ ಸೇರಿರುತ್ತವೆ. ಎರಡು ಮಡಿಯ ಕಂಪನದಲ್ಲಿ ತಂತಿ ಎರಡು ಸಮಭಾಗಗಳಾಗಿ ತೂಗುತ್ತದೆ, ಅವುಗಳ ನಡುವಿನ ಒಂದು ಬಿಂದು ಅಲುಗುವುದೇ ಇಲ್ಲ. ಅದನ್ನು ನಿಸ್ಪಂದ ಬಿಂದು ಎನ್ನುತ್ತಾರೆ. ಸರಿಯಾಗಿ ನಡುವೆ ಮೀಟಿದರೆ ಎರಡು ಮಡಿಯ ಕಂಪನ ಏಳುವುದಿಲ್ಲ, ಏಕೆಂದರೆ ಆ ಕಂಪನ ಅಲುಗಲೊಲ್ಲದ ಜಾಗದಲ್ಲೇ ನಾವು ಬೆರಳಿಟ್ಟಿದ್ದೇವೆ. ಮೂರನೇ ಒಂದು ಭಾಗದಲ್ಲಿ ಮೀಟಿದರೆ ಎರಡು ಮಡಿಯೂ ನಾಲ್ಕು ಮಡಿಯೂ ಏಳುತ್ತವೆ, ಮೂರು ಮಡಿ ಮಾತ್ರ ಮೌನವಾಗುತ್ತದೆ. ಆಂಟೆನಾ ತಂತಿಯ ಮೇಲಿನ ಕರೆಂಟಿಗೂ ಇದೇ ನಿಯಮ. ತಂತಿಯ ಎರಡು ತುದಿಗಳಲ್ಲಿ ಕರೆಂಟು ಹರಿದುಹೋಗಲು ಜಾಗವಿಲ್ಲ, ಆದ್ದರಿಂದ ಅಲ್ಲಿ ಅದು ಸೊನ್ನೆ. ಏಕತಾರಿಯ ತಂತಿ ಎರಡು ತುದಿಗಳಲ್ಲಿ ಬಿಗಿದಿರುವ ಹಾಗೆ. 7 ಮೆಗಾಹರ್ಟ್ಸ್‌ಗೆ ಕತ್ತರಿಸಿದ ತಂತಿಯಲ್ಲಿ 14 ಮೆಗಾಹರ್ಟ್ಸ್ ಎರಡು ಮಡಿ, 21 ಮೂರು ಮಡಿ, 28 ನಾಲ್ಕು ಮಡಿ. ಹವ್ಯಾಸಿಗಳಿಗೆ ಕೊಟ್ಟಿರುವ ಹಳೆಯ ಬ್ಯಾಂಡುಗಳು ಹೀಗೆ ಒಂದರ ಮಡಿಯಾಗಿ ಒಂದು ಕುಳಿತಿರುವುದರಿಂದಲೇ ಒಂದು ತಂತಿ ಹಲವು ಬ್ಯಾಂಡುಗಳಿಗೆ ಒದಗುವ ಸಾಧ್ಯತೆ ಹುಟ್ಟುತ್ತದೆ. ನಡುವೆ ಕೇಬಲ್ ಕಟ್ಟಿದವರು ಆ ಸಾಧ್ಯತೆಯ ಅರ್ಧವನ್ನು ಕೈಯಾರೆ ಮುಚ್ಚಿಬಿಡುತ್ತಾರೆ.

ಎಷ್ಟು ಮುಚ್ಚುತ್ತಾರೆ ಎಂಬುದಕ್ಕೆ ಲೆಕ್ಕ ಬೇಕು. ಪಂಚಮಿಯ ಜೋಕಾಲಿಯನ್ನು ತೂಗುವಾಗ ಮಣೆಯನ್ನು ಹಿಡಿದು ನೂಕಿದರೆ ಕೈಗೆ ಭಾರವಿಲ್ಲ, ಕೈ ದೂರ ಹೋಗುತ್ತದೆ. ಹಗ್ಗದ ಮೇಲ್ಭಾಗವನ್ನು ಹಿಡಿದು ನೂಕಿದರೆ ಕೈ ಸ್ವಲ್ಪವೇ ಸರಿಯುತ್ತದೆ, ಬಲ ಮಾತ್ರ ಬಹಳ ಬೇಕು. ಎಲ್ಲಿ ಹಿಡಿದು ನೂಕಿದರೂ ಜೋಕಾಲಿ ತೂಗುವ ಕಾಲ ಬದಲಾಗದು. ಬಲಕ್ಕೂ ಚಲನೆಗೂ ಇರುವ ಈ ಅನುಪಾತವನ್ನೇ ಆಂಟೆನಾದಲ್ಲಿ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತವೆಂದು ತಿಳಿದು ಇಂಪೆಡೆನ್ಸ್ ಎನ್ನುತ್ತೇವೆ, ಓಮ್‌ಗಳಲ್ಲಿ ಅಳೆಯುತ್ತೇವೆ. ನೆಲದಿಂದ ಬಹುದೂರ ಇರುವ ಅರ್ಧ ತರಂಗಾಂತರದ ತಂತಿಯ ನಡುವೆ ಅದು ಸುಮಾರು 73 ಓಮ್. ನಮ್ಮ ರೇಡಿಯೊ ಮತ್ತು ಕೇಬಲ್ 50 ಓಮ್‌ನವು, ಹೊಂದಾಣಿಕೆ ಚೆನ್ನಾಗಿದೆ. ಅದೇ ತಂತಿಗೆ 14 ಮೆಗಾಹರ್ಟ್ಸ್ ಕೊಟ್ಟರೆ ನಡುವಿನ ಇಂಪೆಡೆನ್ಸ್ ಕೆಲವು ಸಾವಿರ ಓಮ್‌ಗೆ ಜಿಗಿಯುತ್ತದೆ. 3000 ಓಮ್ ಎಂದೇ ಹಿಡಿಯೋಣ, ಅಂದರೆ ಕೇಬಲ್ಲಿಗೆ ಹೋಲಿಸಿದರೆ ಅರವತ್ತು ಪಟ್ಟು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆರ್‌ಜಿ-58 ಕೇಬಲ್ 30 ಮೀಟರ್ ಬಳಸಿದ್ದರೆ, ಅಲೆ ಮೇಲೂ ಕೆಳಗೂ ಓಡಾಡಿ ಕೇಬಲ್ಲಿನಲ್ಲೇ ಶಾಖವಾಗಿ, 100 ವ್ಯಾಟಿನಲ್ಲಿ ತಂತಿಯನ್ನು ಮುಟ್ಟುವುದು ಕೆಲವೇ ವ್ಯಾಟ್. ಈಗ ಕೇಬಲ್ಲನ್ನು ತಂತಿಯ ಮೂರನೇ ಒಂದು ಭಾಗಕ್ಕೆ ಸರಿಸಿ. ಅಲ್ಲಿ 7 ಮೆಗಾಹರ್ಟ್ಸ್‌ನ ಕರೆಂಟು ಗರಿಷ್ಠದ ನೂರಕ್ಕೆ 87ರಷ್ಟಿರುತ್ತದೆ. ಇಂಪೆಡೆನ್ಸ್ ಆ ಕರೆಂಟಿನ ವರ್ಗಕ್ಕೆ ವಿಲೋಮವಾಗಿ ಏರುವುದರಿಂದ 73 ಹೋಗಿ 97 ಓಮ್ ಆಗುತ್ತದೆ. 14ರಲ್ಲೂ 28ರಲ್ಲೂ ಆ ಜಾಗದ ಕರೆಂಟು ಗರಿಷ್ಠದ ಅದೇ 87ರಷ್ಟು! ಉದ್ದದ ತಂತಿಯಲ್ಲಿ ವಿಕಿರಣದ ಪ್ರತಿರೋಧ ತಾನಾಗಿ ಸ್ವಲ್ಪ ಹೆಚ್ಚುವುದರಿಂದ ಓಮ್‌ಗಳು 120, 150 ಹೀಗೆ ಏರುತ್ತವೆ, ನೆಲದಿಂದ ಇರುವ ಎತ್ತರ ಅವನ್ನು ಅತ್ತಿತ್ತ ಎಳೆಯುತ್ತದೆ. ತಂತಿಗೂ ಕೇಬಲ್ಲಿಗೂ ನಡುವೆ ಕೂಡಿಸುವ, ತಕ್ಕ ಅನುಪಾತದ ಬಾಲನ್ ಎಂಬ ಪರಿವರ್ತಕ ಇವನ್ನು 50ರ ಸಮೀಪಕ್ಕೆ ಇಳಿಸುತ್ತದೆ. ಸಾವಿರಾರು ಓಮ್‌ನ ಗೋಡೆಗೆ ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ.

ಈ ತಿಳಿವಳಿಕೆ ಇಂದಿನದಲ್ಲ. 1880ರ ದಶಕದ ಕೊನೆಯಲ್ಲಿ ಹೈನ್ರಿಕ್ ಹರ್ಟ್ಸ್ ತನ್ನ ಪ್ರಯೋಗದ ಸಲಾಕೆಯ ನಡುವೆ ಕಿಡಿಯ ಸಂದು ಇಟ್ಟಿದ್ದರಿಂದ ಡೈಪೋಲ್ ಎಂದರೆ ನಡು ಎಂಬ ರೂಢಿ ಬೇರೂರಿರಬಹುದು. 1920ರ ದಶಕದಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎವರಿಟ್ ಮತ್ತು ಬರ್ನ್ ಒಂದೇ ಎಳೆಯ ತಂತಿಯಿಂದ ಆಂಟೆನಾಕ್ಕೆ ಶಕ್ತಿ ಒಯ್ಯುವ ಬಗೆಯನ್ನು ಅಳೆದು ನೋಡಿದರು. ಅದನ್ನು ಹವ್ಯಾಸಿಗಳಿಗೆ ತಿಳಿಯುವ ಭಾಷೆಯಲ್ಲಿ 1929ರ ಸೆಪ್ಟೆಂಬರಿನ ‘ಕ್ಯುಎಸ್‌ಟಿ’ ಪತ್ರಿಕೆಗೆ ಬರೆದವರು ಲೋರೆನ್ ವಿಂಡಮ್. ಅಂದಿನಿಂದ ನಡು ಬಿಟ್ಟು ಕಟ್ಟಿದ ತಂತಿಗಳಿಗೆಲ್ಲ ವಿಂಡಮ್ ಎಂಬ ಹೆಸರು ಅಂಟಿಕೊಂಡಿತು. ವಿಂಡಮ್ ಬರೆದ ಆಂಟೆನಾಕ್ಕೆ ಒಂದೇ ಎಳೆ. ಕರೆಂಟು ಹಿಂದಿರುಗುವ ದಾರಿ ಭೂಮಿ. ಒಳತಂತಿ, ಹೊರಜಾಲರಿ ಇರುವ ಕೋಆಕ್ಸ್ ಕೇಬಲ್ಲಿನ ಕಾಲ ಬಂದ ಮೇಲೆ, 1970ರ ದಶಕದ ಆರಂಭದಲ್ಲಿ, ಜರ್ಮನಿಯ ಫ್ರಿಟ್ಸೆಲ್ ಕೇಬಲ್ ಮತ್ತು ಬಾಲನ್ ಇರುವ ರೂಪವನ್ನು ಎಫ್‌ಡಿ4 ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ಅದರ ಉದ್ದ ಸುಮಾರು 41.5 ಮೀಟರ್, ಕೇಬಲ್ ಸೇರುವುದು ಒಂದು ತುದಿಯಿಂದ ಸುಮಾರು 13.8 ಮೀಟರಿನಲ್ಲಿ. 3.5 ಮೆಗಾಹರ್ಟ್ಸ್ ಅದರ ಮೂಲ ಸ್ವರ. 7, 14, 28 ಅದರ ಎರಡು, ನಾಲ್ಕು, ಎಂಟು ಮಡಿ. ನನ್ನ ವಾದಕ್ಕೆ ಅತಿ ದೊಡ್ಡ ಸಾಕ್ಷಿ ಸಿಕ್ಕಿದ್ದು ಆ ಬಳಿಕ. 1979ರಲ್ಲಿ ಜಿನೀವಾದಲ್ಲಿ ನಡೆದ ಜಾಗತಿಕ ರೇಡಿಯೊ ಆಡಳಿತ ಸಮ್ಮೇಳನ ಹವ್ಯಾಸಿಗಳಿಗೆ 10, 18 ಮತ್ತು 24 ಮೆಗಾಹರ್ಟ್ಸ್‌ಗಳಲ್ಲಿ ಹೊಸ ಬ್ಯಾಂಡುಗಳನ್ನು ಕೊಟ್ಟಿತು. ಎಫ್‌ಡಿ4 ರೂಪಿಸಿದಾಗ ಇಲ್ಲದಿದ್ದ ಬ್ಯಾಂಡುಗಳು ಇವು. ಆದರೂ 18 ಮತ್ತು 24 ಅದೇ ತಂತಿಯಲ್ಲಿ ದುಡಿದವು, 10 ಮಾತ್ರ ದುಡಿಯಲಿಲ್ಲ. ಕಾರಣವನ್ನು ಏಕತಾರಿ ಆಗಲೇ ಹೇಳಿದೆ. 18 ಮೂಲದ ಐದು ಮಡಿಯ ಹತ್ತಿರ, 24 ಏಳು ಮಡಿಯ ಹತ್ತಿರ; 10 ಮೂರು ಮಡಿಯ ಹತ್ತಿರ, 21 ಆರು ಮಡಿಯ ಹತ್ತಿರ. ಒಂದು, ಎರಡು, ನಾಲ್ಕು, ಐದು, ಏಳು, ಎಂಟು ಒಲಿಯುತ್ತವೆ, ಮೂರರಿಂದ ಭಾಗವಾಗುವವು ಒಲಿಯುವುದಿಲ್ಲ. ರೂಪಿಸಿದವರು ಎಣಿಸದೆ ಇದ್ದ ಬ್ಯಾಂಡಿನಲ್ಲೂ ನಿಯಮ ನಿಂತಿತೆಂದರೆ ಅದನ್ನು ಕೇವಲ ಕಾಕತಾಳೀಯ ಎನ್ನಲು ಬರುವುದಿಲ್ಲ.

ಇನ್ನು ಆಕ್ಷೇಪಗಳು. ಅವುಗಳಲ್ಲಿ ಒಂದು ಬಹಳ ಗಟ್ಟಿಯಾದುದು, ಅದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ. ಕೇಬಲ್ಲಿನ ಒಂದು ಕಡೆ 6.7 ಮೀಟರ್, ಇನ್ನೊಂದು ಕಡೆ 13.4 ಮೀಟರ್ ತಂತಿ ಇದ್ದಾಗ ಎರಡು ಪಕ್ಕಗಳು ಸಮನಲ್ಲ. ಕೋಆಕ್ಸ್ ಕೇಬಲ್ಲಿನ ಜಾಲರಿಗೆ ಒಳಮೈ ಹೊರಮೈ ಎಂಬ ಎರಡು ದಾರಿಗಳಿವೆ; ಒಳಮೈಯಲ್ಲಿ ಬರುವ ಕರೆಂಟು ತುದಿ ತಲುಪಿದ ಮೇಲೆ ತಂತಿಗೆ ಹೋಗುವ ಬದಲು ಹೊರಮೈ ಹಿಡಿದು ಮನೆಯ ಕಡೆ ಇಳಿಯಬಲ್ಲದು. ಸಮ ಡೈಪೋಲಿನಲ್ಲೂ ಇದು ಸ್ವಲ್ಪ ಆಗುತ್ತದೆ, ಅಸಮದಲ್ಲಿ ಬಹಳ ಹೆಚ್ಚು. ಆಗ ಕೇಬಲ್ಲೇ ಆಂಟೆನಾದ ಮೂರನೆಯ ತೋಳಾಗುತ್ತದೆ. ಮೈಕು ಮುಟ್ಟಿದರೆ ತುಟಿಗೆ ಚುರುಕು, ಪಕ್ಕದ ಮನೆಯ ಸ್ಪೀಕರಿನಲ್ಲಿ ಗೊರಗೊರ, ಇಂಪೆಡೆನ್ಸಿನ ಲೆಕ್ಕವೆಲ್ಲ ಏರುಪೇರು. ಇದಕ್ಕಿಂತ ಕೆಟ್ಟದ್ದು ಕೇಳುವಾಗ ಆಗುವುದು: ಮೋಟಾರು, ಚಾರ್ಜರು, ಎಲ್‌ಇಡಿ ದೀಪಗಳ ಕಿರಿಕಿರಿ ಆ ಜಾಲರಿಯ ಹೊರಮೈ ಹತ್ತಿ ರೇಡಿಯೊಗೆ ಬರುತ್ತದೆ. ಆಕ್ಷೇಪ ನಿಜ. ಅಸಮ ಡೈಪೋಲನ್ನು ಒಮ್ಮೆ ಕಟ್ಟಿ ಕೈಬಿಟ್ಟವರಲ್ಲಿ ಬಹುಪಾಲು ಜನ ಕೈಬಿಟ್ಟದ್ದು ಇದೇ ಕಾರಣಕ್ಕೆ ಎಂದು ನಾನು ನಂಬುತ್ತೇನೆ. ಆದರೆ ದೋಷ ಇರುವುದು ಕೇಬಲ್ಲಿಗೆ ತಡೆ ಹಾಕದೆ ಬಿಟ್ಟಲ್ಲಿ. ಬಾಲನ್‌ಗಳಲ್ಲಿ ಎರಡು ಜಾತಿ. ರುತ್‌ರಾಫ್ 1959ರಲ್ಲಿ ವಿವರಿಸಿದ ಬಗೆ ಎರಡು ಪಕ್ಕಗಳ ವೋಲ್ಟೇಜನ್ನು ಸಮ ಮಾಡಲು ನೋಡುತ್ತದೆ. ತೋಳುಗಳೇ ಅಸಮವಾಗಿರುವಾಗ ವೋಲ್ಟೇಜು ಸಮ ಮಾಡಿದರೆ ಹೊರಮೈ ಕರೆಂಟು ನಿಲ್ಲುವುದಿಲ್ಲ. ಗ್ವಾನೆಲ್ಲಾ 1944ರಲ್ಲಿ ಕೊಟ್ಟ ಬಗೆ ಎರಡು ಎಳೆಗಳ ಕರೆಂಟನ್ನು ಸಮ ಮಾಡುತ್ತದೆ. ನಮಗೆ ಬೇಕಾದದ್ದು ಅದು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬಾಲನ್ ಯಾವ ಜಾತಿಯದೆಂದು ನೋಡದೆ ಕೊಂಡವರು ಆಂಟೆನಾವನ್ನು ಬೈಯುವುದು ನ್ಯಾಯವಲ್ಲ. ಅದರ ಜೊತೆಗೆ, ಬಾಲನ್‌ನ ಕೆಳಗೆ ಒಮ್ಮೆ, ಮನೆಯೊಳಗೆ ಬರುವ ಮುನ್ನ ಇನ್ನೊಮ್ಮೆ, ಕೇಬಲ್ಲನ್ನೇ ಫೆರೈಟ್ ಬಳೆಗೆ ಹತ್ತು ಹನ್ನೆರಡು ಸುತ್ತು ಸುತ್ತಿ ಚೋಕ್ ಮಾಡಿ ಹಾಕಬೇಕು. ಇಷ್ಟು ಮಾಡಿದ ಮೇಲೆ ಅಸಮ ತಂತಿಯ ವರ್ತನೆ ಲೆಕ್ಕದ ಹತ್ತಿರ ಬರುತ್ತದೆ. ಕೆನಡಾದ ಬೆಲ್‌ರೋಸ್ ಮತ್ತು ಬುಲಿಯಾನ್ 1990ರ ಆಗಸ್ಟ್ ‘ಕ್ಯುಎಸ್‌ಟಿ’ಯಲ್ಲಿ ಈ ಆಂಟೆನಾವನ್ನು ಮತ್ತೆ ಪರಿಶೀಲನೆಗೆ ಎತ್ತಿಕೊಂಡ ಮೇಲೆ ಅದಕ್ಕೆ ಮತ್ತೆ ಗೌರವ ಬಂತು. ಚೋಕ್ ಹಾಕಲು ಮನಸ್ಸಿಲ್ಲದವರಿಗೆ ನಾನು ಈ ತಂತಿಯನ್ನು ಶಿಫಾರಸು ಮಾಡುವುದಿಲ್ಲ.

ಎರಡನೆಯ ಆಕ್ಷೇಪ: ಅಸಮವಾದ ತಂತಿ ಒಂದು ಕಡೆಗೇ ಹೆಚ್ಚು ಬೀರುವುದಿಲ್ಲವೆ? ಇಲ್ಲ. ಚೋಕ್ ಸರಿಯಾಗಿದ್ದರೆ ಕರೆಂಟಿನ ಹಂಚಿಕೆ ಇಡೀ ತಂತಿಯ ಉದ್ದಕ್ಕೆ ತಕ್ಕಂತೆ ನಿಲ್ಲುತ್ತದೆ; 7 ಮೆಗಾಹರ್ಟ್ಸ್‌ನಲ್ಲಿ ಅದು ಸಮ ಡೈಪೋಲಿನ ಹಾಗೆಯೇ ಬೀರುತ್ತದೆ. ಮೂರನೆಯದು: ನಡುವೆಯೇ ಕಟ್ಟಿ, ಏಣಿಯಂಥ ಜೋಡಿತಂತಿ ಬಳಸಿ, ಮನೆಯೊಳಗೆ ಇಂಪೆಡೆನ್ಸ್ ಹೊಂದಿಸುವ ಟ್ಯೂನರ್ ಇಟ್ಟರೆ ಎಲ್ಲ ಬ್ಯಾಂಡೂ ಸಿಗುತ್ತದಲ್ಲ? ಸಿಗುತ್ತದೆ, ಜೋಡಿತಂತಿಯಲ್ಲಿ ನಷ್ಟವೂ ತೀರ ಕಡಿಮೆ. ಆ ದಾರಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜೋಡಿತಂತಿ ಗೋಡೆಗೆ ತಾಗಬಾರದು, ತಗಡಿಗೆ ತಾಗಬಾರದು, ಒಳ್ಳೆಯ ಟ್ಯೂನರಿನ ಬೆಲೆ ಹೊಸಬರ ಕೈಗೆ ಎಟುಕದು. ನಾಲ್ಕನೆಯ ಆಕ್ಷೇಪ ಲೆಕ್ಕದ್ದು, ಅದನ್ನು ಒಪ್ಪಿಕೊಳ್ಳಬೇಕು. ತಂತಿಯ ತುದಿಗಳ ಪ್ರಭಾವದಿಂದಾಗಿ ಮಡಿಗಳು ನಿಖರವಾಗಿ ಮಡಿಯಾಗಿ ಬೀಳುವುದಿಲ್ಲ. 20.1 ಮೀಟರಿಗೆ ಕತ್ತರಿಸಿ 7.1ರಲ್ಲಿ ಸರಿಹೊಂದಿಸಿದರೆ ಎರಡನೆಯ ಅನುರಣನ 14.2ರ ಬದಲು 14.5ರ ಹತ್ತಿರ ಬೀಳುತ್ತದೆ, ಅಂದರೆ 14.35ಕ್ಕೆ ಮುಗಿಯುವ ಬ್ಯಾಂಡಿನ ಆಚೆ. 20.5 ಮೀಟರ್ ಇಟ್ಟರೆ 14 ಸರಿಹೋಗಿ 7ರ ಕಡೆ ಸ್ವಲ್ಪ ಕೆಳಗಿಳಿಯುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಬೇಕು; ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ನೂರಕ್ಕೆ ಎರಡು ಮೂರರಷ್ಟು ಇನ್ನೂ ಕಡಿಮೆ ಮಾಡಬೇಕು. 21 ಮೆಗಾಹರ್ಟ್ಸ್ ಕೂಡ ಬೇಕೇ ಬೇಕು ಎನ್ನುವವರು ಕೇಬಲ್ಲನ್ನು ಮೂರನೇ ಒಂದರಿಂದ ಐದನೇ ಒಂದಕ್ಕೆ ಸರಿಸಲಿ. ಅಲ್ಲಿ ಮೊದಲ ನಾಲ್ಕು ಮಡಿಗಳಲ್ಲಿ ಯಾವುದಕ್ಕೂ ನಿಸ್ಪಂದ ಬಿಂದು ಇಲ್ಲ. ಓಮ್‌ಗಳು ಮಾತ್ರ ಬ್ಯಾಂಡಿನಿಂದ ಬ್ಯಾಂಡಿಗೆ ಹೆಚ್ಚು ಹೊಯ್ದಾಡುತ್ತವೆ.

ಈ ವಾದ ನಮ್ಮ ನೆಲಕ್ಕೆ ಏಕೆ ಚೆನ್ನಾಗಿ ಹೊಂದುತ್ತದೆ ಎಂದು ನೋಡೋಣ. ನಾವು ಇಂದು ಸೇರಿರುವ ದಢೇಸುಗೂರು ತುಂಗಭದ್ರೆಯ ದಂಡೆಯ ಊರು. ಹೊಳೆ ದಾಟಿದರೆ ಸಿರುಗುಪ್ಪ ತಾಲ್ಲೂಕು. ಕೃಷಿ ಸಂಶೋಧನಾ ಕೇಂದ್ರದ ತಾಕುಗಳಿಂದ ಹಿಡಿದು ಸಿಂಧನೂರಿನ ತನಕ ಎಡದಂಡೆ ಕಾಲುವೆಯ ನೀರು ಹರಿವ ಎರೆ ಭೂಮಿ, ಭತ್ತದ ಗದ್ದೆ, ಕಣ್ಣು ಹಾಯುವಷ್ಟೂ ಸಮತಟ್ಟು. ಇಂಥ ಕಡೆ ಮನೆಯ ಮಾಳಿಗೆ ತಂತಿಯ ಒಂದು ತುದಿಗೆ ಆಧಾರ, ಹಿತ್ತಲಾಚೆಯ ಬೇವಿನ ಮರ ಇನ್ನೊಂದಕ್ಕೆ. ನಡು ಬೀಳುವುದು ಯಾರದೋ ಗದ್ದೆಯ ಮೇಲೆ ಅಥವಾ ಓಣಿಯ ಮೇಲೆ. ಸಮ ಡೈಪೋಲಿನಲ್ಲಿ ಕೇಬಲ್ಲಿನ ಭಾರವೆಲ್ಲ ಅಲ್ಲೇ ತೂಗಿ ತಂತಿ ಜೋಲುತ್ತದೆ, ಅಲ್ಲಿಂದ ಕೇಬಲ್ಲನ್ನು ಮನೆಗೆ ಎಳೆಯಬೇಕು. ಮೂರನೇ ಒಂದರಲ್ಲಿ ಕಟ್ಟಿದರೆ ಜೋಡಣೆ ಮಾಳಿಗೆಯ ಕಂಬದಿಂದ ಏಳು ಮೀಟರಿನೊಳಗೆ, ಕೇಬಲ್ ಚಿಕ್ಕದು, ಜೋಲು ಕಡಿಮೆ. ಎತ್ತರದ ಬಗ್ಗೆಯೂ ಕೊರಗಬೇಕಾಗಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗಾಂತರ ಎಂದರೆ ಸುಮಾರು ಹತ್ತೂವರೆ ಮೀಟರ್. ಅದಕ್ಕಿಂತ ಕೆಳಗಿರುವ ತಂತಿ ತನ್ನ ಶಕ್ತಿಯನ್ನು ಬಹುಪಾಲು ಮೇಲಕ್ಕೆ ಬೀರುತ್ತದೆ. ಸುಮಾರು 300 ಕಿಲೋಮೀಟರ್ ಎತ್ತರದ ಅಯಾನುಗೋಳ ಅದನ್ನು ಕೆಳಗೆ ತಿರುಗಿಸುತ್ತದೆ. ಬೆಂಗಳೂರು ಇಲ್ಲಿಂದ ನೇರ ದೂರದಲ್ಲಿ ಸುಮಾರು 320 ಕಿಲೋಮೀಟರ್. ಅಲ್ಲಿಗೆ ತಲುಪುವ ಅಲೆ ಇಲ್ಲಿಂದ ಅರವತ್ತು ಡಿಗ್ರಿಯಷ್ಟು ಮೇಲೆ ಏಳಬೇಕು, ತಗ್ಗಿನ ತಂತಿ ಬೀರುವುದೂ ಆ ಕಡೆಗೇ. ಲಿಂಗಸುಗೂರು ಹತ್ತಾರು ಕಿಲೋಮೀಟರ್ ದೂರದಲ್ಲಿದೆ, ಕೈಯಲ್ಲಿ ಹಿಡಿವ ವಿಎಚ್‌ಎಫ್ ಸೆಟ್ಟು ನಡುವೆ ಮರುಪ್ರಸಾರ ಮಾಡುವ ರಿಪೀಟರ್ ಇಲ್ಲದೆ ಅಷ್ಟು ದೂರ ಮುಟ್ಟುವುದು ಕಷ್ಟ. ಹಗಲಿನಲ್ಲಿ ಈ ತಂತಿ ಅಲ್ಲಿಗೂ ಕಲಬುರಗಿಗೂ ಒಂದೇ ಜಿಗಿತದಲ್ಲಿ ಮುಟ್ಟಬಲ್ಲದು. ರಾತ್ರಿ ಅಯಾನುಗೋಳ ತೆಳುವಾದಾಗ 7ರ ಅಲೆ ಹತ್ತಿರದವರನ್ನು ಬಿಟ್ಟು ದೂರಕ್ಕೆ ಹೋಗಬಹುದು. ಜಾಗ ಇದ್ದವರು 41 ಮೀಟರಿನ ತಂತಿ ಕಟ್ಟಿ 3.5ನ್ನೂ ಇಟ್ಟುಕೊಳ್ಳುವುದು ಅದಕ್ಕೇ. ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ: ವಿದ್ಯುತ್ ಲೈನಿನ ಮೇಲೆ, ಕೆಳಗೆ, ಹರಿದು ಬಿದ್ದರೆ ತಾಗುವಷ್ಟು ಹತ್ತಿರ ತಂತಿ ಎಳೆಯಲೇಬೇಡಿ. ಬೇಸಿಗೆಯ ಗುಡುಗು ಸಿಡಿಲಿಗೆ ಮೊದಲೇ ಕೇಬಲ್ ಕಳಚಿ ಹೊರಗಿಡಿ.

ಎಲ್ಲಕ್ಕಿಂತ ಮೂಲದ ಆಕ್ಷೇಪ ಕೊನೆಗೆ ಬರುತ್ತದೆ. ಎಲ್ಲರ ಜೇಬಿನಲ್ಲೂ ಫೋನಿರುವಾಗ ಈ ತಂತಿ ಯಾಕೆ? ಫೋನು ಕೆಲಸ ಮಾಡಲು ಗೋಪುರ, ಅದಕ್ಕೆ ಕರೆಂಟು, ಗೋಪುರದಿಂದ ಗೋಪುರಕ್ಕೆ ಕೇಬಲ್ಲು ಎಲ್ಲವೂ ಒಟ್ಟಿಗೆ ನಿಂತಿರಬೇಕು. ಒಂದೇ ಕೊಂಡಿಯ ಮೇಲೆ ಎಷ್ಟೆಲ್ಲ ನಿಂತಿರುತ್ತದೆ ಎಂಬುದನ್ನು ಈ ದಂಡೆಯ ಜನರಿಗೆ ಯಾರೂ ಕಲಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅದರ ಜಾಗದಲ್ಲಿ ತಡೆ ಇಳಿಸಿ ನೀರು ನಿಲ್ಲಿಸುವ ತನಕ ಎಡದಂಡೆಯ ಅಷ್ಟೂ ರೈತರ ಬೆಳೆ ತೂಗುಯ್ಯಾಲೆಯಲ್ಲಿತ್ತು. 2009ರ ಅಕ್ಟೋಬರಿನ ನೆರೆಯನ್ನು ಈ ಜಿಲ್ಲೆ ಇನ್ನೂ ಮರೆತಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡ ಹವ್ಯಾಸದ ಸಂಪರ್ಕಗಳಿಗೆಂದು ಅದಾಗಲೇ ಪೋರ್ಟ್‌ಬ್ಲೇರಿನಲ್ಲಿತ್ತು. ಅಲ್ಲಿಂದ ಹೊರಗಿನವರಿಗೆ ಬದುಕಿದವರ ಸುದ್ದಿ ಮುಟ್ಟಿಸಿದ್ದು ಆ ರೇಡಿಯೊಗಳೇ. ಉಪಗ್ರಹಗಳಿವೆಯಲ್ಲ ಎಂದರೆ, ಅವೂ ಇರಲಿ. ಹವ್ಯಾಸಿಗಳಿಗಾಗಿಯೇ ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ಚೆನ್ನಾಗಿ ದುಡಿದು 2014ರಲ್ಲಿ ಬ್ಯಾಟರಿ ಕೆಟ್ಟು ನಿಂತಿತು. ಆಕಾಶಕ್ಕೆ ಹೋಗಿ ಬ್ಯಾಟರಿ ಬದಲಿಸಲು ಬರುವುದಿಲ್ಲ. ಬೇವಿನ ಮರಕ್ಕೆ ಕಟ್ಟಿದ ತಂತಿ ಹರಿದರೆ ಏಣಿ ಇಟ್ಟು ಅದೇ ಸಂಜೆ ಗಂಟು ಹಾಕಬಹುದು, ರೇಡಿಯೊಗೆ ಟ್ರ್ಯಾಕ್ಟರಿನ ಬ್ಯಾಟರಿ ಸಾಕು.

ಕನ್ನಡ ನಾಡಿನಲ್ಲಿ ರೇಡಿಯೊ ಮೊದಲು ನುಡಿದದ್ದೂ ಒಂದು ಮನೆಯಿಂದಲೇ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕ ಇಟ್ಟು ಪ್ರಸಾರ ಆರಂಭಿಸಿದರು. ಇಂದಿನ ಸಾಮಾನ್ಯ ಹವ್ಯಾಸಿ ಸೆಟ್ಟಿನ ಶಕ್ತಿ ಅದಕ್ಕಿಂತ ಹೆಚ್ಚು. ಆದ್ದರಿಂದ ಇಲ್ಲಿ ಕುಳಿತಿರುವ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನ ಬಿನ್ನಹ. ಪರವಾನಗಿಯ ಪರೀಕ್ಷೆಗೆ 12 ವರ್ಷ ತುಂಬಿದವರು ಕುಳಿತುಕೊಳ್ಳಬಹುದು, ನಿಮ್ಮ ಎಂಟನೆಯ ತರಗತಿಯ ಮಕ್ಕಳಿಗೆ ಆ ವಯಸ್ಸಾಗಿದೆ. ಪರವಾನಗಿ ಬರುವ ಮೊದಲು ಯಾರೂ ಪ್ರಸಾರ ಮಾಡಬಾರದು, ಕೇಳುತ್ತಾ ಕಲಿಯಲಿ. ಶಾಲೆಯ ಮಾಳಿಗೆಯಿಂದ ಆಟದ ಬಯಲಿನ ಮರಕ್ಕೆ ಮಕ್ಕಳೇ ಒಂದು ತಂತಿ ಅಳೆಯಲಿ, ಒಂದು ಮೊಳ ಹೆಚ್ಚಾಗಿಯೇ ಕತ್ತರಿಸಲಿ. ಕತ್ತರಿಸಿ ಕಿರಿದು ಮಾಡುವುದು ಸುಲಭ. ಸಿಂಧನೂರಿನಲ್ಲಿ ಒಂದು, ಲಿಂಗಸುಗೂರಿನಲ್ಲಿ ಒಂದು, ಮಸ್ಕಿಯಲ್ಲಿ ಒಂದು, ದಢೇಸುಗೂರಿನಲ್ಲಿ ಒಂದು, ಹೀಗೆ ನಾಲ್ಕು ತಂತಿಗಳು ಎದ್ದರೆ ಸಾಕು. ಮುಂದಿನ ಮುಂಗಾರಿಗೆ ಮೊದಲು ಇದನ್ನು ಮಾಡಿ.